ಚಾಪೆಯಿಂದ ಬೆಂಚಿಗೆ

ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲಿ ಎರಡು ಕೋಣೆಗಳಿದ್ದವು ಎಂದು ಬರೆದರೆ ಅದು ಪೂರ್ತಿ ಸರಿಯಾಗುವುದಿಲ್ಲ. ಇದ್ದದ್ದು ಒಂದೇ ಕೋಣೆ. ಅದರ ನಡುವೆ ಅಪ್ಪ ಎದೆಯೆತ್ತರಕ್ಕೆ ಗೋಡೆಯೊಂದನ್ನು ಎಬ್ಬಿಸಿದ್ದರಿಂದ ಆಚೆಯ ಭಾಗ ಅಡುಗೆಮನೆ ಎನಿಸಿಕೊಂಡಿತ್ತು. ಈಚೆಯ ಭಾಗ ಉಳಿದೆಲ್ಲವೂ ಆಗಿತ್ತು. ಬೀದಿಯ ಕಡೆಗೆ ಒಂದು ಕಿಟಕಿ, ಕಿಟಕಿಯ ಕೆಳಗೆ ಎರಡು ಮಣೆ: ಒಂದು ಅವ್ವನದು, ಇನ್ನೊಂದು ಅಕ್ಕ ಮಾದೇವಿಯದು. ಇಬ್ಬರೂ ಊದುಬತ್ತಿ ಹೊಸೆಯುತ್ತಿದ್ದರು. ಊದುಬತ್ತಿ ಹೊಸೆಯುವ ಮನೆಯೆಂದರೆ ಸದಾ ಘಮಘಮಿಸುತ್ತದೆ ಎಂದು ಜನ ತಿಳಿದಿರುತ್ತಾರೆ, ಅದು ತಪ್ಪು. ಸುಗಂಧ ಹಚ್ಚುವುದೇನಿದ್ದರೂ ಕಾರ್ಖಾನೆಯಲ್ಲಿ. ಮನೆಯಲ್ಲಿ ಇರುತ್ತಿದ್ದದ್ದು ಇದ್ದಿಲಪುಡಿ ಬೆರೆಸಿದ ಕಪ್ಪು ಜಿಗುಟು ಹಿಟ್ಟಿನ ವಾಸನೆ, ಒದ್ದೆ ಮರದಂಥದ್ದು. ಊಟಕ್ಕೆ ಕುಳಿತಾಗ ಅವ್ವ ಎಷ್ಟೇ ತಿಕ್ಕಿ ತೊಳೆದಿದ್ದರೂ ಮುದ್ದೆ ಮುರಿಯುವ ಅವಳ ಬೆರಳುಗಳ ಉಗುರಿನ ಸುತ್ತ ಕಪ್ಪು ಗೆರೆ ಉಳಿದಿರುತ್ತಿತ್ತು. ಎಂಟು ವರ್ಷ ತುಂಬುವಷ್ಟರಲ್ಲಿ ಅಕ್ಕನ ಉಗುರಿಗೂ ಆ ಗೆರೆ ಬಂದಿತ್ತು. ನನ್ನ ಉಗುರಿಗೆ ಬರಲೇ ಇಲ್ಲ.

ಬಾರದಿದ್ದುದಕ್ಕೆ ಕಾರಣ ನನ್ನ ಕೈಗೆ ಆ ಕೆಲಸ ಒಲಿಯದಿದ್ದದ್ದು. ನಾನು ಹೊಸೆದ ಬತ್ತಿ ಒಂದು ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪವಾಗಿರುತ್ತಿತ್ತು, ಇನ್ನೊಂದು ತುದಿಯಲ್ಲಿ ಬಿದಿರುಕಡ್ಡಿಯೇ ಬತ್ತಲಾಗಿ ಕಾಣುತ್ತಿತ್ತು. ಅಕ್ಕನಾದರೋ ಬೀದಿ ನೋಡಿಕೊಂಡೇ ಹೊಸೆಯುತ್ತಿದ್ದಳು, ಒಂದರಂತೆ ಒಂದು. ಕೊನೆಗೆ ಅವ್ವ ನನ್ನ ಮುಂದಿನಿಂದ ಹಿಟ್ಟನ್ನು ಎಳೆದುಕೊಂಡಳು.

"ಬುಡು ತಾಯಿ, ನೀ ಮುಟ್ಬ್ಯಾಡ. ಹಿಟ್ಟು ದಂಡ. ಅಲ್ಲಿ ಕುಂತ್ಕೊಂಡು ಪಾಠ ಓದು, ನಾವು ಕೇಳ್ತೀವಿ."

"ಜೋರಾಗಿ ಓದೇ ಗೌರಿ," ಎಂದಳು ಅಕ್ಕ, "ಸೊಳ್ಳೆ ಗುಂಯ್ ಅಂದಂಗೆ ಓದ್ಬ್ಯಾಡ."

ಹೀಗೆ ನಮ್ಮ ಮನೆಯಲ್ಲಿ ಸಂಜೆಯ ಓದು ಆರಂಭವಾಯಿತು. ಕಿಟಕಿಯ ಬೆಳಕು ಇರುವವರೆಗೆ ನಾನು ಶಾಲೆಯ ಪುಸ್ತಕವನ್ನು ಗಟ್ಟಿಯಾಗಿ ಓದಬೇಕು, ಅವರಿಬ್ಬರೂ ಹೊಸೆಯುತ್ತಾ ಕೇಳಬೇಕು. ಅಪ್ಪ ಬೀದಿಗಳಿಗೆ ನೀರು ಬಿಡುವ ಕೆಲಸದಲ್ಲಿದ್ದ. ಉದ್ದನೆಯ ಕಬ್ಬಿಣದ ಚಾವಿಯನ್ನು ಬಾಗಿಲ ಮೂಲೆಗೆ ಒರಗಿಸಿ ಅವನೂ ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದ. ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ಯಾವ ಬೀದಿಗೆ ನೀರು ಹೋಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಅಕ್ಷರ ಮಾತ್ರ ಬರುತ್ತಿರಲಿಲ್ಲ. ಕಚೇರಿಗೆ ಸುತ್ತೋಲೆ ಬಂದ ದಿನ ಓದಬಲ್ಲವರು ಕುರ್ಚಿಯಲ್ಲಿ ಕುಳಿತು ಓದಿ ಹೇಳುತ್ತಿದ್ದರು, ಅವನಂಥವರು ನೆಲದ ಮೇಲೆ ಕುಳಿತು ಕೇಳುತ್ತಿದ್ದರು. ನಾನು ಓದುವಾಗ ಮನೆಮಾತು ನುಸುಳಿದರೆ ಅವನು ತಡೆಯುತ್ತಿದ್ದ.

"ನಾವು ಅನ್ನಂಗೆ ಅನ್ಬ್ಯಾಡ ಮಗ. ಪುಸ್ತಕದಾಗೆ ಎಂಗೈತೋ ಅಂಗೇ ಅನ್ನು."

ಇಂದಿಗೂ ನಾನು ಒಂದು ಅರ್ಜಿ ಬರೆದರೂ ಮೂರು ಸಲ ತಿದ್ದುತ್ತೇನೆ. ನಾಲ್ಕು ಜನರೆದುರು ಮಾತನಾಡುವ ಮುನ್ನ ವಾಕ್ಯವನ್ನು ಒಳಗೇ ಒಮ್ಮೆ ಜೋಡಿಸಿಕೊಳ್ಳುತ್ತೇನೆ. ಹೊಸ್ತಿಲ ಮೇಲೆ ಈಗಲೂ ಯಾರೋ ಕುಳಿತು ಕೇಳುತ್ತಿದ್ದಾರೆ ಎಂಬ ಅಂಜಿಕೆ ಹೋಗಿಲ್ಲ.

ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಆದರೂ ನಾವಿಬ್ಬರೂ ಒಂದೇ ತರಗತಿ. ಇದ್ದಿಲಪುಡಿಗೆ ನನಗೆ ಕೆಮ್ಮು ಬರುತ್ತಿದ್ದುದರಿಂದ, ಅಕ್ಕನನ್ನು ಶಾಲೆಗೆ ಸೇರಿಸಿದ ದಿನವೇ ಅವ್ವ ನನ್ನನ್ನೂ ಸೊಂಟದಿಂದಿಳಿಸಿ ಹೆಡ್‌ಮಾಸ್ತರ ಮುಂದೆ ನಿಲ್ಲಿಸಿದ್ದಳಂತೆ. "ಇಬ್ರೂ ಒಟ್ಟಿಗೆ ಓಗ್ಲಿ, ಒಟ್ಟಿಗೆ ಬರ್ಲಿ, ಬರ್ಕೊಳ್ಳಿ ಸ್ವಾಮಿ" ಎಂದಳು, ಅವರು ಬರೆದುಕೊಂಡರು. ಹೀಗಾಗಿ ಅಕ್ಕನ ಪಕ್ಕದಲ್ಲಿ ಅವಳನ್ನು ಹೋಲಿಸಿ ನೋಡಲು ಮೊದಲ ದಿನದಿಂದಲೂ ನಾನಿದ್ದೆ. ಆದರೆ ಎರಡು ವರ್ಷ ಯಾರಿಗೂ ಏನೂ ತಿಳಿಯಲಿಲ್ಲ, ಏಕೆಂದರೆ ಅಕ್ಕ ನಾನು ಓದಿದ್ದೆಲ್ಲವನ್ನೂ ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಿಬಿಡುತ್ತಿದ್ದಳು. ತರಗತಿಯಲ್ಲಿ ಪುಸ್ತಕ ಹಿಡಿದು ನಿಂತರೆ ಬೆರಳು ಸಾಲಿನ ಮೇಲೆ ಸರಿಯುತ್ತಿತ್ತು, ಬಾಯಿ ತಡೆಯಿಲ್ಲದೆ ಹರಿಯುತ್ತಿತ್ತು. ಬೆರಳು ಸರಿಯಾದ ಸಾಲಿನ ಮೇಲೆ ಇರುವುದಿಲ್ಲ ಎಂಬುದು ಪಕ್ಕದಲ್ಲಿ ಕುಳಿತ ನನಗೊಬ್ಬಳಿಗೇ ಗೊತ್ತಿತ್ತು.

ಮೂರನೆಯ ತರಗತಿಗೆ ಲೀಲಾವತಿ ಮಿಸ್ ಬಂದರು. ಒಂದು ದಿನ ಅಕ್ಕ ಓದುತ್ತಿರುವಾಗ ಅವರು ಮೆಲ್ಲಗೆ ಅವಳ ಹಿಂದೆ ಬಂದು ನಿಂತರು. ನಿಂತವರು ಕೈಚಾಚಿ ಪುಟವನ್ನು ತಿರುವಿದರು. ಅಕ್ಕ ನಿಲ್ಲಿಸಲಿಲ್ಲ, ಹಿಂದಿನ ಪುಟದ ಪಾಠವನ್ನೇ ಮುಂದುವರಿಸಿದಳು. ತರಗತಿ ಗೊಳ್ಳೆಂದಿತು. ನಾನು ನೆಲ ನೋಡುತ್ತಿದ್ದೆ.

"ನಗೋದೇನಿದೆ ಇದ್ರಲ್ಲಿ?" ಎಂದರು ಮಿಸ್. "ಮಾದೇವಿ, ನಿನಗಿರೋ ಜ್ಞಾಪಕಶಕ್ತಿ ನನಗಿದ್ದಿದ್ರೆ ನಾನು ಡಾಕ್ಟ್ರಾಗಿರ್ತಿದ್ದೆ ಕಣಮ್ಮ. ಕೂತ್ಕೋ. ನಾಳೆ ಊಟ ಆದ್ಮೇಲೆ ನನ್ನ ಹತ್ರ ಬಾ."

ಮರುದಿನ ಊಟದ ನಂತರ ಜಗಲಿಯ ತುದಿಯಲ್ಲಿ ಒಂದು ಚಾಪೆ ಹಾಸಿತ್ತು. ಓದು ಹಿಡಿಯದ ಏಳು ಮಕ್ಕಳು ಅದರ ಮೇಲೆ ಕುಳಿತಿದ್ದರು, ಅವರೊಡನೆ ಮಿಸ್ ಕೂಡ ಸೀರೆ ಮಡಚಿಕೊಂಡು ಕುಳಿತಿದ್ದರು. ತಮ್ಮ ಮನೆಯಿಂದ ಒಂದು ಮೊರದ ತುಂಬ ರಾಗಿ ತಂದಿದ್ದರು. ಅದನ್ನು ತೆಳ್ಳಗೆ ಹರಡಿ, ಮಗುವಿನ ಬೆರಳು ಹಿಡಿದು ಅಕ್ಷರ ತೀಡಿಸುತ್ತಿದ್ದರು; ಮೊದಲಿಗೆ ಆಯಾ ಮಗುವಿನ ಹೆಸರನ್ನೇ. ಬಯ್ಗುಳವಿಲ್ಲ, ಕೋಲಿಲ್ಲ. ಅಲ್ಲಿದ್ದದ್ದು ಒಂದೇ ನಿಯಮ: ಮಗು ಅಕ್ಷರವನ್ನು ಹುಡುಕುತ್ತಿರುವಾಗ ಪಕ್ಕದವರು ಪಿಸುಗುಟ್ಟಬಾರದು. ತರಗತಿಯ ಲೀಡರಾಗಿದ್ದ ನಾನು ಸೀಮೆಸುಣ್ಣ ಕೊಡಲು ಹೋದಾಗಲೆಲ್ಲ ಆ ಮಾತು ಕಿವಿಗೆ ಬೀಳುತ್ತಿತ್ತು.

"ಹೇಳ್ಕೊಡ್ಬೇಡಿ. ಅದು ಅವಳದ್ದು. ಅವಳೇ ಹುಡುಕ್ಲಿ."

ಹಾಗೆಂದು ಕೈಕಟ್ಟಿ ಕಾಯುತ್ತಿದ್ದರು. ಒಂದು ಮಗುವಿಗಾಗಿ ಅಷ್ಟು ಹೊತ್ತು ಕಾದ ದೊಡ್ಡವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಚಾಪೆಯ ಫಲ ನಿಧಾನವಾಗಿ ಮನೆಗೂ ಬಂತು. ಒಂದು ಸಂಜೆ ಅಕ್ಕ ಮಣೆಯ ಮೇಲೆ ಉದುರಿದ್ದ ಇದ್ದಿಲಪುಡಿಯನ್ನು ಅಂಗೈಯಿಂದ ಸವರಿ, ಬೆರಳಿನಿಂದ ಏನೋ ಬರೆದು ನನ್ನನ್ನು ಕರೆದಳು. ವಾರೆಯಾದ, ತಲೆ ದೊಡ್ಡದಾದ ಒಂದು 'ಮಾ'.

"ಇದು ನಾನು ಕಣೇ," ಎಂದಳು.

"ಪುಡಿ ಚೆಲ್ಲಾಡ್ಬ್ಯಾಡಿ," ಎಂದು ಗದರಿಸಿದ ಅವ್ವ, ಆ ಸಂಜೆಯೆಲ್ಲ ಮಣೆಯ ಉಳಿದ ಅರ್ಧದಲ್ಲೇ ಹೊಸೆಯುವಂತೆ ಅಕ್ಕನಿಗೆ ಹೇಳಿದಳು. ಅಕ್ಷರವನ್ನು ಒರೆಸಲಿಲ್ಲ. ಇನ್ನೊಂದು ದಿನ ಶಾಲೆಯಿಂದ ಬರುವಾಗ ಹಿಟ್ಟಿನ ಗಿರಣಿಯ ಮುಂದೆ ಅಕ್ಕ ಗಕ್ಕನೆ ನಿಂತಳು. ಕತ್ತೆತ್ತಿ ಫಲಕ ನೋಡುತ್ತಾ "ಗಿ... ರ..." ಎಂದಳು. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಹಿಂದಿನಿಂದ ನಮ್ಮ ತರಗತಿಯವರು ಬರುತ್ತಿದ್ದರು. ನನಗೆ ನಾಚಿಕೆಯಾಯಿತು. "ಗಿರಣಿ, ಗಿರಣಿ, ಬಾ" ಎಂದು ಅವಳ ಕೈ ಹಿಡಿದೆಳೆದೆ. ಅವಳು ಒಮ್ಮೆ ನನ್ನನ್ನು ನೋಡಿ ಜೊತೆಗೆ ನಡೆದಳು. ಇನ್ನೊಂದು ಅಕ್ಷರ ಉಳಿದಿತ್ತು, ಅಷ್ಟೆ.

ನಾಚಿಕೆ ಎಂಬ ಪದವನ್ನು ಇಲ್ಲಿ ಬಳಸಿದ್ದೇನೆ. ಅದಕ್ಕಿಂತ ಸರಿಯಾದ ಪದ ಹುಡುಕಿದೆ, ಸಿಗಲಿಲ್ಲ. ತರಗತಿಯಲ್ಲಿ ಅಕ್ಕ 'ಚಾಪೆ ಮಾದೇವಿ'ಯಾಗಿದ್ದಳು, ನಾನು 'ಚಾಪೆ ತಂಗಿ'. "ಲೀಡ್ರಮ್ಮ, ನಿಮ್ಮನೆ ಚಾಪೆ ಸುತ್ತಿ ಆಯ್ತಾ?" ಎಂದು ಹಿಂದಿನ ಬೆಂಚಿನ ಹುಡುಗಿಯರು ಕೇಳುತ್ತಿದ್ದರು. ಅಕ್ಕ ಅವರೊಡನೆ ತಾನೂ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಮಾತು ನಲ್ಲಿಯ ಬಳಿಗೂ ಹೋಯಿತು. ಕೊಡ ಹಿಡಿದು ನೀರಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಅಪ್ಪನನ್ನೇ ಕೇಳಿದಳಂತೆ: "ಏನಣ್ಣ, ನಿಮ್ಮ ದೊಡ್ಡ ಮಗಳ್ನ ಸ್ಕೂಲಲ್ಲಿ ನೆಲಕ್ಕೆ ಕೂರ್ಸವ್ರಂತೆ?" ಆ ದಿನ ಮನೆಗೆ ಬಂದ ಅಪ್ಪ ಚಾವಿಯನ್ನು ಮೂಲೆಗೆ ಎಸೆದ. ಅವ್ವ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದ್ದಳು. ಅವನು ತಟ್ಟೆ ಸರಿಸಿದ.

"ನಾನು ನೆಲದ ಮ್ಯಾಲೆ ಕುಂತಿದ್ದು ಸಾಲ್ದಾ? ನನ್ ಮಗಳೂವೆ ಕುಂತ್ಕೋಬೇಕಾ?"

"ಕಲೀತಾವ್ಳೆ ಕಣ್ರೀ," ಎಂದಳು ಅವ್ವ. "ಆ ಮಿಸ್ಸು ಒಳ್ಳೇರು. ಮಕ್ಕಳ ಜೊತೆ ಅವ್ರೂ ನೆಲದ ಮ್ಯಾಲೇ ಕೂರ್ತಾರಂತೆ."

"ಅವ್ರು ಎದ್ದು ಕುರ್ಚಿಗೋಯ್ತಾರೆ ಕಣೇ. ಇವ್ಳು ಎಲ್ಲಿಗೋಯ್ತಾಳೆ?"

ಅಪ್ಪ ನನ್ನ ಕಡೆ ತಿರುಗಿದ. "ಗೌರಿ, ನೀನು ಉಸಾರಿ. ನಿಮ್ಮಕ್ಕನ್ನ ಬೆಂಚಿನ ಮ್ಯಾಲೆ ಕೂರ್ಸು." ಆರೇಳು ವರ್ಷದ ಹುಡುಗಿಯೊಬ್ಬಳಿಗೆ ಅಷ್ಟು ದೊಡ್ಡ ಕೆಲಸವನ್ನು ಯಾರೂ ಹೇಳಬಾರದು ಎಂದು ಈಗ ತಿಳಿಯುತ್ತದೆ. ಆಗ ನನಗಾದದ್ದು ಹೆಮ್ಮೆ.

ದಾರಿ ಸುಲಭವಾಗಿಯೇ ಸಿಕ್ಕಿತು. ಸಂಕ್ರಾಂತಿಗೆ ಮುಂಚೆ ಚಾಪೆಯ ಮಕ್ಕಳನ್ನು ಹೆಡ್‌ಮಾಸ್ತರು ತಾವೇ ಪರೀಕ್ಷಿಸುವವರಿದ್ದರು. ಒಂದು ಪುಟವನ್ನು ಚೆನ್ನಾಗಿ ಓದಿದವರು ಬೆಂಚಿಗೆ ಮರಳಬಹುದು. ಯಾವ ಪುಟ ಎಂಬುದು ಗುಟ್ಟು. ಆದರೆ ಕಾಪಿ ಪುಸ್ತಕಗಳನ್ನು ಮಿಸ್ ಮೇಜಿಗೆ ಹೊತ್ತುಕೊಂಡು ಹೋಗುತ್ತಿದ್ದವಳು ನಾನು. ಅವರ ಪುಸ್ತಕದಲ್ಲಿ ಗುರುತಿಗೆಂದು ಇಟ್ಟ ಕಾಗದದ ಚೂರು ಕೆರೆಯ ಬಾತುಕೋಳಿಗಳ ಪಾಠದಲ್ಲಿತ್ತು. ಅಂದಿನಿಂದ ಎಂಟು ಸಂಜೆ ನಾನು ಅಕ್ಕನಿಗೆ ಅದೊಂದೇ ಪುಟವನ್ನು ಓದಿದೆ. ಮಾತುಗಳನ್ನು ಕಲಿಯಲು ಅವಳಿಗೆ ಒಂದು ಸಂಜೆ ಸಾಕಾಯಿತು. ಉಳಿದ ಏಳು ಸಂಜೆ ನಾನು ಬೆರಳನ್ನು ಕಲಿಸಿದೆ. ಸಾಲು ಎಲ್ಲಿ ಮುಗಿಯುತ್ತದೆ, ಬೆರಳು ಯಾವಾಗ ಕೆಳಗಿಳಿಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು. ಹಿಂದೆ ಸಿಕ್ಕಿಬಿದ್ದದ್ದು ತಡೆಯಿಲ್ಲದೆ ಹರಿದದ್ದರಿಂದ ಎಂದು ನನಗೆ ಅನ್ನಿಸಿತ್ತು. ಅದಕ್ಕಾಗಿ ಉದ್ದನೆಯ ಮೂರು ಪದಗಳನ್ನು ಆರಿಸಿ, ಅಲ್ಲಿ ತಡವರಿಸುವುದನ್ನೂ ಕಲಿಸಿದೆ.

"ಬ್ಯಾಡ ಕಣೇ ಗೌರಿ," ಎಂದಳು ಅಕ್ಕ ಮೂರನೆಯ ಸಂಜೆ. "ಚಾಪೇನೇ ಚೆನ್ನಾಗೈತೆ. ಈಗ ನನ್ನೆಸರು ಪೂರ್ತಿ ಬರೀತೀನಿ. ಮುಂದಿನ ವಾರ ನಿನ್ನೆಸರು ಕಲಿಸ್ತೀನಿ ಅಂದವ್ರೆ ಮಿಸ್ಸು."

"ಅಪ್ಪ ಊಟ ಮಾಡ್ಲಿಲ್ಲ, ನೋಡಿದ್ಯಲ್ಲ?"

ಅವಳು ಎರಡು ಬತ್ತಿ ಹೊಸೆದು ಮಣೆಯ ಪಕ್ಕಕ್ಕಿಟ್ಟಳು.

"ಎಲ್ಲೆಲ್ಲಿ ತಡವರಿಸ್ಬೇಕು, ಇನ್ನೊಂದ್ಸಲ ಹೇಳು."

ಪರೀಕ್ಷೆಯ ದಿನ ಅಕ್ಕ ನಾನು ಕಲಿಸಿದ ಮೂರೂ ಕಡೆ ತಡವರಿಸಿದಳು. ಬೆರಳು ಒಂದು ಸಾಲೂ ತಪ್ಪಲಿಲ್ಲ. "ಭೇಷ್! ಇವಳನ್ನ್ಯಾಕ್ರೀ ಇನ್ನೂ ಇಲ್ಲಿ ಕೂರಿಸಿಕೊಂಡಿದ್ದೀರಿ?" ಎಂದು ಹೆಡ್‌ಮಾಸ್ತರು ಮಿಸ್ಸನ್ನು ಕೇಳಿದರು. ಮಿಸ್ ಅಕ್ಕನ ಬೆರಳನ್ನೇ ನೋಡುತ್ತಿದ್ದರು. ಸಂಜೆ ಕಾಪಿಗಳನ್ನು ಹೊತ್ತು ಹೋದಾಗ ಅವರು ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದರು.

"ಗೌರಿ, ನೀನು ಸುಳ್ಳು ಹೇಳೋಳಲ್ಲ ಅಂತ ಕೇಳ್ತಿದ್ದೀನಿ. ನಿಮ್ಮಕ್ಕ ಇವತ್ತು ಓದಿದ್ಲಾ, ಒಪ್ಪಿಸಿದ್ಲಾ?"

"ಓದಿದ್ಲು ಮಿಸ್."

"ನಿಜವಾಗ್ಲೂ?"

"ಹೌದು ಮಿಸ್."

ನನ್ನ ಉಚ್ಚಾರಣೆ ಸ್ಪಷ್ಟವಾಗಿತ್ತು. ಅವರು ತಲೆಯಾಡಿಸಿ ನನ್ನನ್ನು ಕಳಿಸಿದರು, ಅಂಗಳದಲ್ಲಿ ಕಾಯುತ್ತಿದ್ದ ಅಕ್ಕನನ್ನು ಒಳಗೆ ಕರೆದರು. ಅಲ್ಲಿ ಏನು ಮಾತಾಯಿತೆಂದು ದಾರಿಯಲ್ಲಿ ಅಕ್ಕ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ಮರುದಿನ ಅವಳು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಳು. ಮಧ್ಯಾಹ್ನ ಜಗಲಿಯಲ್ಲಿ ಚಾಪೆ ಹಾಸಿದಾಗ ಅವಳ ಕತ್ತು ಆ ಕಡೆಗೇ ತಿರುಗಿರುತ್ತಿತ್ತು. ಅಪ್ಪ ಬೆಲ್ಲ ತಂದ, ಅವ್ವ ಪಾಯಸ ಮಾಡಿದಳು. ಮೊದಲ ಲೋಟ ಅಕ್ಕನಿಗೆ, ಎರಡನೆಯದು ನನಗೆ. ಅಪ್ಪ ಆ ದಿನ ಹೊಟ್ಟೆ ತುಂಬ ಉಂಡ. ಅಷ್ಟು ಸಂತೋಷದಿಂದ ಅವನು ಉಂಡದ್ದನ್ನು ಆಮೇಲೆ ನಾನು ನೋಡಿದ್ದು ಒಂದೇ ಸಲ, ನನ್ನ ಬಿ.ಎ. ಫಲಿತಾಂಶ ಬಂದ ದಿನ.

ಮರುವರ್ಷ ಲೀಲಾವತಿ ಮಿಸ್‌ಗೆ ವರ್ಗವಾಯಿತು. ಚಾಪೆಯನ್ನು ಮತ್ತೆ ಯಾರೂ ಹಾಸಲಿಲ್ಲ. ನಾಲ್ಕರಲ್ಲಿ, ಐದರಲ್ಲಿ ಪಾಠಗಳು ಉದ್ದವಾದವು. ಲಿಖಿತ ಪರೀಕ್ಷೆಗಳು ಬಂದವು. ಬಾಯಲ್ಲಿದ್ದದ್ದು ಕಾಗದಕ್ಕೆ ಇಳಿಯಲಿಲ್ಲ. ಅಕ್ಕ ಒಂದೊಂದೇ ಬೆಂಚು ಹಿಂದಕ್ಕೆ ಸರಿಯುತ್ತಾ, ಏಳನೆಯ ತರಗತಿಯಲ್ಲಿ ಬಾಗಿಲ ಪಕ್ಕದ ಕೊನೆಯ ಬೆಂಚಿನಿಂದ ಎದ್ದು ಮನೆಗೆ ಬಂದಳು. ಯಾರೂ ಬಯ್ಯಲಿಲ್ಲ. ಅವಳ ಕೈಗೆ ಕೆಲಸ ಮೊದಲೇ ಬರುತ್ತಿತ್ತು. ಸಂಜೆಯ ಓದು ಮಾತ್ರ ನಿಲ್ಲಲಿಲ್ಲ. ನಾನು ಕಾಲೇಜಿಗೆ ಹೋದ ಮೇಲೂ ಕಿಟಕಿಯ ಕೆಳಗೆ ಕುಳಿತು ಇತಿಹಾಸ ಓದುತ್ತಿದ್ದೆ, ಅವಳು ಹೊಸೆಯುತ್ತಾ ಕೇಳುತ್ತಿದ್ದಳು. ಪರೀಕ್ಷೆಯ ಬೆಳಿಗ್ಗೆ ನಾನು ಮರೆತದ್ದನ್ನು ಅವಳೇ ನೆನಪಿಸುತ್ತಿದ್ದಳು. ಸುಧಾರಣೆಗಳನ್ನಾಗಲಿ, ಒಪ್ಪಂದಗಳ ಅಂಶಗಳನ್ನಾಗಲಿ ಒಂದೂ ಬಿಡದೆ ಹೇಳುತ್ತಿದ್ದಳು. ನಮ್ಮ ವಂಶದಲ್ಲಿ ಮೊದಲ ಪದವಿ ಎಂದು ಎಲ್ಲರೂ ಹೇಳುವ ಆ ಪ್ರಮಾಣಪತ್ರದಲ್ಲಿ ಒಂದೇ ಹೆಸರಿದೆ.

ಈಗ ನಾನು ಊರಿನ ಇನ್ನೊಂದು ತುದಿಯ ದಟ್ಟಗಳ್ಳಿಯಲ್ಲಿದ್ದೇನೆ. ಅಕ್ಕ ಅದೇ ಮನೆಯಲ್ಲಿ ಮಗ, ಸೊಸೆ ಸವಿತಾ, ಮೊಮ್ಮಗಳು ಚೈತ್ರಾ ಜೊತೆ ಇದ್ದಾಳೆ. ಬಸ್ಸನ್ನು ಅಂಕಿ ನೋಡಿ ಹಿಡಿಯುತ್ತಾಳೆ, ಮಾತ್ರೆಯನ್ನು ಬಣ್ಣ ನೋಡಿ ನುಂಗುತ್ತಾಳೆ. ಕಳೆದ ತಿಂಗಳು ಅವಳ ಫೋನ್ ಬಂತು: "ಚೈತ್ರನ್ ಸ್ಕೂಲಿಗೆ ಕರೆದವ್ರೆ. ಅವಳಪ್ಪ ಅಮ್ಮ ಇಬ್ರೂ ಕೆಲಸಕ್ಕೋಗವ್ರೆ. ಬಾರೇ, ಅವ್ರೇನಾದ್ರೂ ಕಾಗ್ದ ಕೊಟ್ರೆ ಓದೋಕ್ ಬೇಕು." ಹೋದೆ. ಚೈತ್ರಾ ಮೂರನೆಯ ತರಗತಿ. ಚಿಕ್ಕ ವಯಸ್ಸಿನ ಶಿಕ್ಷಕಿ ನಮ್ಮನ್ನು ಕೂರಿಸಿ, ಮಗುವಿಗೆ ದಿನವೂ ಒಂದು ಗಂಟೆ ಬೇರೆ ಕೋಣೆಯಲ್ಲಿ ಬೇರೆ ರೀತಿಯಲ್ಲಿ ಓದು ಕಲಿಸಬೇಕೆಂದಿದ್ದೇವೆ, ಪೋಷಕರ ಒಪ್ಪಿಗೆ ಬೇಕು ಎಂದು ವಿವರಿಸಿದರು.

"ಇದು ದಡ್ಡತನ ಅಲ್ಲ ಅಜ್ಜಿ. ಕೆಲವು ಮಕ್ಕಳಿಗೆ ಅಕ್ಷರ ಹಿಡಿಯೋ ದಾರಿ ಬೇರೆ ಇರುತ್ತೆ, ಅಷ್ಟೇ."

ಅಕ್ಕ ಮುಂದಕ್ಕೆ ಬಾಗಿದಳು. "ಚಾಪೆ ಮ್ಯಾಲೆ ಕೂರಿಸ್ತೀರಾ ಮಿಸ್?" ಎಂದು ಕೇಳಿದಳು.

"ಅಯ್ಯೋ ಇಲ್ಲಜ್ಜಿ, ಈಗ ಎಲ್ರಿಗೂ ಕುರ್ಚಿ ಇದೆ."

ಅಕ್ಕನ ಮುಖ ಸ್ವಲ್ಪ ಬಾಡಿತೆಂದು ನನಗನ್ನಿಸಿತು. ಹೊರಗೆ ಜಗಲಿಯಲ್ಲಿ ಕುಳಿತು ಒಪ್ಪಿಗೆ ಪತ್ರವನ್ನು ಅವಳಿಗೆ ಓದಿ ಹೇಳಿದೆ. "ಇನ್ನೊಂದ್ಸಲ ಓದು," ಎಂದಳು. ಓದಿದೆ. "ಇನ್ನೊಂದ್ಸಲ." ಮೂರನೆಯ ಸಲ ಅವಳ ತುಟಿಗಳೂ ನನ್ನೊಡನೆ ಚಲಿಸುತ್ತಿದ್ದವು.

ಸಂಜೆ ಸವಿತಾ ಕೆಲಸದಿಂದ ಬಂದಳು. ವಿಷಯ ಕೇಳಿದವಳೇ ಬೇಡವೆಂದಳು.

"ಬೇರೆ ರೂಮಲ್ಲಿ ಕೂರ್ಸಿದ್ರೆ ಮಕ್ಕಳೆಲ್ಲ ಆಡ್ಕೊಳ್ತಾರೆ ಅತ್ತೆ. ನಾಳೆ ಬೀದಿಯವ್ರೂ ಆಡ್ಕೊಳ್ತಾರೆ. ನಾನೇ ಮನೇಲಿ ಬಾಯಿಪಾಠ ಮಾಡಿಸ್ತೀನಿ ಬಿಡಿ, ಪಾಸಾಗ್ತಾಳೆ."

ಅಕ್ಕ ಪತ್ರ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಓದತೊಡಗಿದಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ನನ್ನದೇ ಉಸಿರು, ನನ್ನದೇ ನಿಲುಗಡೆ. ಕಪ್ಪು ಗೆರೆಯ ಬೆರಳು ಸಾಲಿನ ಮೇಲೆ ಸರಿಯುತ್ತಿತ್ತು, ಒಂದು ಸಾಲು ಕೆಳಗೆ. ಸವಿತಾ ಬೆರಗಾಗಿ ನನ್ನ ಕಡೆ ತಿರುಗಿದಳು.

"ಚಿಕ್ಕತ್ತೆ, ಅತ್ತೆಗೆ ಓದೋಕೆ ಬರುತ್ತಾ? ಈಗ ಓದಿದ್ರಾ?"

ಮೆಟ್ಟಿಲ ಮೇಲಿನ ಆ ಪ್ರಶ್ನೆ ಇನ್ನೊಮ್ಮೆ ಬರಬಹುದೆಂದು ನಾನು ಎಣಿಸಿರಲಿಲ್ಲ. ಈ ಸಲ ವಾಕ್ಯವನ್ನು ಒಳಗೆ ಜೋಡಿಸಿಕೊಳ್ಳಲು ಹೋಗಲಿಲ್ಲ.

"ಇಲ್ಲ ಕಣಮ್ಮ. ಒಪ್ಪಿಸಿದಳು. ಓದು ಕಲಿಯುತ್ತಿದ್ದಳು, ನಾನು ಬಿಡಿಸಿದೆ."

ಎಲ್ಲವನ್ನೂ ಹೇಳಿದೆ: ರಾಗಿಯ ಮೊರ, ಕಾಗದದ ಚೂರು, ಮೂರು ತಡವರಿಕೆ, ಮಿಸ್ ಕೇಳಿದ್ದು, ನಾನು ಹೇಳಿದ್ದು. ಹೇಳುವಾಗ ಅಕ್ಕನ ಮುಖ ನೋಡಲಾಗಲಿಲ್ಲ. ಮುಗಿದ ಮೇಲೆ ಅಕ್ಕ ಪತ್ರವನ್ನು ತೊಡೆಯ ಮೇಲಿಟ್ಟು ನೇವರಿಸುತ್ತಾ ಮಾತನಾಡಿದಳು.

"ನನ್ನೂ ಕೇಳಿದ್ರು ಕಣೇ ಮಿಸ್ಸು, ಅವತ್ತು ಒಳಕ್ಕೆ ಕರೆದು. 'ನಿಜ ಹೇಳು ಮಾದೇವಿ, ಏನೂ ಅನ್ನಲ್ಲ, ಚಾಪೆ ಮೇಲೆ ಇನ್ನಷ್ಟು ದಿನ ಕೂತ್ಕೋತೀಯಾ' ಅಂದ್ರು. ನಂಗೂ ಕೂತ್ಕೋಬೇಕು ಅಂತಿತ್ತು. ಆದ್ರೆ ನೀನು ಓದಿದ್ಲು ಅಂದ್ಬುಟ್ಟಿದ್ದೆ, ಅಂಗಳಕ್ಕೆ ಕೇಳಿಸ್ತು. ನಾನು ಇಲ್ಲ ಅಂದ್ರೆ ನಿನ್ನ ಸುಳ್ಳಿ ಅನ್ನೋರು. ಲೀಡ್ರು ಬೇರೆ. ಅದಕ್ಕೇ ನಾನೂ ಓದಿದೆ ಅಂದೆ."

ಸವಿತಾ ಎದ್ದು ಪೆನ್ನು ತಂದಳು. ಸಹಿ ಮಾಡುವ ಮೊದಲು ಅಕ್ಕ ಅವಳನ್ನು ತಡೆದು, ಅರೆಗೋಡೆಯ ಆಚೆಯಿಂದ ಇಣುಕುತ್ತಿದ್ದ ಚೈತ್ರಾಳನ್ನು ಕರೆದಳು.

"ಬಾ ಮಗ. ಇದ್ರಾಗೆ ನಿನ್ನೆಸರು ಎಲ್ಲೋ ಐತಂತೆ. ತೋರ್ಸು."

ಮಗು ಪತ್ರದ ಮೇಲೆ ಬೆರಳಿಟ್ಟಿತು. ಮೊದಲ ಸಾಲು ಮುಗಿಯಿತು, ಎರಡನೆಯದು ಮುಗಿಯಿತು. ಬೆರಳು ಹೆಸರಿನ ಮೇಲೆ ಹಾದು ಮುಂದೆ ಹೋಯಿತು, ನಿಂತಿತು, ಹಿಂದಕ್ಕೆ ಬಂತು. ನನ್ನ ನಾಲಿಗೆಯ ತುದಿಯಲ್ಲಿ ಪದವಿತ್ತು. ಸವಿತಾ ತೋರಿಸಲು ಕೈಚಾಚಿದಳು; ಅಕ್ಕ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು.

"ಹೇಳ್ಕೊಡ್ಬೇಡ. ಅದು ಅವಳದ್ದು."

ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ನಾವು ಮೂವರೂ ಕಾದೆವು.